ಬಾಗಿಲಲ್ಲಿ ನಿಂತ ಇಬ್ಬರು

ಸೌಪ್ತಿಕ ಪರ್ವದ ಪಾಠವನ್ನು ನಾನು ಯಾವಾಗಲೂ ಅಶ್ವತ್ಥಾಮನ ಶಾಪದಲ್ಲೇ ಮುಗಿಸುತ್ತಿದ್ದೆ. ತಲೆಯ ಮಣಿಯನ್ನು ಕಿತ್ತುಕೊಟ್ಟು, 3000 ವರ್ಷ ಮಾತಾಡಿಸುವವರಿಲ್ಲದೆ, ಕೀವು ನೆತ್ತರು ನಾರುತ್ತ ಕಾಡು ಅಲೆಯುವ ಮನುಷ್ಯ. ಆ ಚಿತ್ರದ ನಂತರ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಕಳೆದ ವರ್ಷ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಅವನ ಜೊತೆ ಹೋದ ಇನ್ನಿಬ್ಬರಿಗೆ ಏನು ಶಿಕ್ಷೆ ಆಯ್ತು?"

"ಅವರು ಬಾಗಿಲಲ್ಲಿ ನಿಂತಿದ್ದರು ಅಷ್ಟೆ" ಎಂದೆ. ಗಂಟೆ ಹೊಡೆಯಿತು, ಎಲ್ಲರೂ ಎದ್ದರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ "ಅಷ್ಟೆ" ನನ್ನನ್ನು ಚುಚ್ಚುತ್ತಿತ್ತು. ಬಾಗಿಲಲ್ಲಿ ನಿಂತವನ ಪಾಲಿಗೆ ಎಷ್ಟು ಸೇರಬೇಕು? ಒಳಗೆ ಹೋಗಿ ಕೊಂದವನಷ್ಟೇ? ಅರ್ಧ? ಏನೂ ಇಲ್ಲವೆ? ಘೋರ ಅಪರಾಧಗಳಲ್ಲಿ ಜೊತೆಗಿದ್ದವರಿಗೆ ನ್ಯಾಯವಾದ ಶಿಕ್ಷೆ ಯಾವುದು ಎಂಬುದು ಕೋರ್ಟುಗಳ ಪ್ರಶ್ನೆಯೆಂದು ನಾವು ಸಾಹಿತ್ಯದವರು ಬದಿಗಿಡುತ್ತೇವೆ. ಆದರೆ ನಮ್ಮ ಅತಿ ದೊಡ್ಡ ಕಾವ್ಯದ ಅತಿ ಕರಾಳ ರಾತ್ರಿಯಲ್ಲಿ ಆ ಪ್ರಶ್ನೆ ಕೂತಿದೆ. ನಾನು ಅದನ್ನು ದಾಟಿಕೊಂಡು ಪಾಠ ಮಾಡುತ್ತಿದ್ದೆ.

ಮತ್ತೆ ಓದಿದೆ. ವ್ಯಾಸಭಾರತ ಆ ಇಬ್ಬರ ವಿಷಯದಲ್ಲಿ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಬಹಳ ನಿಖರವಾಗಿದೆ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಕೌರವ ಪಕ್ಷದಲ್ಲಿ ಉಳಿದ ಮೂವರು, ಅಶ್ವತ್ಥಾಮ, ಕೃಪ, ಕೃತವರ್ಮ, ಕಾಡಿನ ಆಲದ ಮರದ ಕೆಳಗೆ ಮಲಗಿದ್ದಾರೆ. ಇಬ್ಬರಿಗೆ ನಿದ್ದೆ ಬಂದಿದೆ, ಒಬ್ಬನಿಗೆ ಬಂದಿಲ್ಲ. ಆ ಒಬ್ಬ, ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಬಂದು ಕೊಲ್ಲುವುದನ್ನು ನೋಡುತ್ತಾನೆ. ತಾನು ಏನು ಮಾಡಬೇಕೆಂಬುದು ಅವನಿಗೆ ಹೊಳೆಯುತ್ತದೆ. ಇಬ್ಬರನ್ನೂ ಎಬ್ಬಿಸಿ ಹೇಳುತ್ತಾನೆ. ಕೇಳಿದವರು ನಾಚಿಕೆಯಿಂದ ತಕ್ಷಣ ಉತ್ತರ ಕೊಡುವುದಿಲ್ಲ.

ಆಮೇಲೆ ಕೃಪ ಮಾತಾಡುತ್ತಾನೆ. ಅವನು ಅಶ್ವತ್ಥಾಮನ ಸೋದರಮಾವ, ವಯಸ್ಸಿನಲ್ಲಿ ಹಿರಿಯ, ಕುರುಕುಲದ ಆಚಾರ್ಯ. ದೈವ, ಪುರುಷಪ್ರಯತ್ನ ಎಂದು ಉದ್ದಕ್ಕೆ ಹೇಳಿ ಕೊನೆಗೆ ಎರಡು ಸಲಹೆ ಕೊಡುತ್ತಾನೆ. ಧೃತರಾಷ್ಟ್ರ, ಗಾಂಧಾರಿ, ವಿದುರರನ್ನು ಕೇಳೋಣ. ಅದು ಬೇಡವಾದರೆ ಈ ರಾತ್ರಿ ಮಲಗು, ಬೆಳಿಗ್ಗೆ ಎದುರಾಎದುರು ಯುದ್ಧ ಮಾಡೋಣ, ನಾವಿಬ್ಬರೂ ನಿನ್ನ ಜೊತೆಗಿರುತ್ತೇವೆ. ಮಲಗಿದವರನ್ನು ಕೊಲ್ಲುವುದು ಅಧರ್ಮ ಎಂಬುದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಅಶ್ವತ್ಥಾಮ ಕೇಳುವುದಿಲ್ಲ. ಒಬ್ಬನೇ ಕುದುರೆ ಹೂಡಿ ಹೊರಡುತ್ತಾನೆ.

ಕತೆ ಇಲ್ಲಿಗೆ ನಿಂತಿದ್ದರೆ ಕೃಪ ನಮ್ಮ ನೀತಿಪಾಠದ ಪುಸ್ತಕಗಳಲ್ಲಿ ಇರುತ್ತಿದ್ದ. ಆದರೆ ಇಬ್ಬರೂ ಹಿಂದೆ ಓಡುತ್ತಾರೆ. ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ನಾವು ನಿನ್ನ ಜೊತೆಗೇ ಬಂದವರು, ನಿನ್ನ ಸುಖದುಃಖ ನಮ್ಮದೂ ಹೌದು, ನಮ್ಮನ್ನು ಅನುಮಾನಿಸಬೇಡ ಎಂಬರ್ಥದ ಮಾತಾಡುತ್ತಾರೆ. ಶಿಬಿರದ ಬಾಗಿಲಿಗೆ ಬಂದಾಗ ಅಶ್ವತ್ಥಾಮ ಅವರಿಗೆ ಕೆಲಸ ಹಂಚುತ್ತಾನೆ. ನಾನು ಒಳಗೆ ಹೋಗುತ್ತೇನೆ. ಹೊರಗೆ ಬಂದವನು ಯಾರೂ ಜೀವಂತ ಹೋಗಬಾರದು. ಯಾರೂ ಹೋಗುವುದಿಲ್ಲ. ಕವಚವಿಲ್ಲದೆ, ಆಯುಧವಿಲ್ಲದೆ, ಕೂದಲು ಕೆದರಿ, ಕೈಮುಗಿದುಕೊಂಡು ಓಡಿಬಂದವರನ್ನು ಇವರಿಬ್ಬರೂ ಬಾಗಿಲಲ್ಲೇ ಕೊಲ್ಲುತ್ತಾರೆ. ಆಮೇಲೆ, ಯಾರೂ ಹೇಳದೆಯೇ, ದ್ರೋಣಪುತ್ರನಿಗೆ ಸಂತೋಷವಾಗಲೆಂದು ಶಿಬಿರಕ್ಕೆ ಮೂರು ಕಡೆ ಬೆಂಕಿ ಇಡುತ್ತಾರೆ.

ನಾನು ತರಗತಿಯಲ್ಲಿ "ನಿಂತಿದ್ದರು ಅಷ್ಟೆ" ಎಂದದ್ದು ಇದನ್ನು.

ಬಾಗಿಲಲ್ಲಿ ನಿಂತವನ ಬಗ್ಗೆ ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದು ಹುಡುಕಿದಾಗ ಸಿಕ್ಕಿದ್ದು ಕಾನೂನಿನ ವಿದ್ಯಾರ್ಥಿಗಳೆಲ್ಲ ಓದುವ ಒಂದು ತೀರ್ಪು. ಅದರೊಳಗೆ ಒಂದು ಕವಿತೆಯೂ ಇತ್ತು. 1923ರ ಆಗಸ್ಟ್ 3ರಂದು ಕಲ್ಕತ್ತಾದ ಶಂಖಾರಿಟೋಲಾ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಹಿಂದಿನ ಕೋಣೆಯಲ್ಲಿ ಹಣ ಎಣಿಸುತ್ತಿದ್ದರು. ಅಂಗಳದ ಕಡೆಯ ಬಾಗಿಲಲ್ಲಿ ಕೆಲವರು ಕಾಣಿಸಿಕೊಂಡು ಹಣ ಕೊಡು ಎಂದರು. ಮರುಕ್ಷಣವೇ ಗುಂಡು ಹಾರಿತು, ಪೋಸ್ಟ್‌ಮಾಸ್ಟರ್ ಸತ್ತರು. ಓಡಿದವರಲ್ಲಿ ಬರೇಂದ್ರ ಕುಮಾರ್ ಘೋಷ್ ಎಂಬಾತ ಕೈಯಲ್ಲಿ ಪಿಸ್ತೂಲಿನೊಂದಿಗೆ ಸಿಕ್ಕಿಬಿದ್ದ. ನಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ, ಹೆದರಿದ್ದೆ ಎಂಬುದು ಅವನ ವಾದ.

ಭಾರತೀಯ ದಂಡಸಂಹಿತೆಯ ಕಲಂ 34 ಹೇಳುವುದು ಇಷ್ಟು: ಹಲವರು ಒಂದು ಸಮಾನ ಉದ್ದೇಶವನ್ನು ಮುಂದುವರಿಸುತ್ತ ಮಾಡಿದ ಅಪರಾಧಕ್ಕೆ, ಅದನ್ನು ತಾನೊಬ್ಬನೇ ಮಾಡಿದ್ದರೆ ಹೇಗೋ ಹಾಗೆ, ಪ್ರತಿಯೊಬ್ಬನೂ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ತತ್ವ ಹಾಗೆಯೇ ಉಳಿದಿದೆ. ಘೋಷ್‌ನ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಲಾರ್ಡ್ ಸಮ್ನರ್ ತೀರ್ಪು ಬರೆದರು. ಅವನು ಬಾಗಿಲ ಹೊರಗೆ ನಿಂತು ಏನೂ ಮಾಡದೆ ಇದ್ದಿದ್ದರೂ ವ್ಯತ್ಯಾಸವಾಗದು ಎಂದು ಹೇಳುವುದಕ್ಕೆ ಅವರು ಮಿಲ್ಟನ್‌ನ ಸಾನೆಟ್ ಒಂದರ ಕೊನೆಯ ಸಾಲನ್ನು ಬಳಸಿದರು. ಕಾದು ನಿಲ್ಲುವುದೂ ಸೇವೆಯೇ ಎಂಬ ಅರ್ಥದ ಸಾಲು ಅದು.

ಮಿಲ್ಟನ್ ಅದನ್ನು ಬರೆದದ್ದು ತನ್ನ ಕುರುಡುತನದ ಬಗ್ಗೆ. ಕಣ್ಣು ಹೋದ ಮೇಲೆ ದೇವರಿಗೆ ನಾನು ಹೇಗೆ ಉಪಯೋಗಕ್ಕೆ ಬಂದೇನು ಎಂದು ಕವಿ ಕೊರಗುತ್ತಾನೆ. ಓಡಾಡುವವರಷ್ಟೇ ಅಲ್ಲ, ತಾಳ್ಮೆಯಿಂದ ನಿಂತವರೂ ಅವನ ಸೇವಕರೇ ಎಂಬ ಸಮಾಧಾನ ಕೊನೆಗೆ ಬರುತ್ತದೆ. ಕೈಲಾಗದವನಿಗೆ ಕೊಟ್ಟ ಸಾಂತ್ವನ ಪಿಸ್ತೂಲು ಹಿಡಿದು ನಿಂತವನನ್ನು ಕೊಲೆಗಾರನೆನ್ನುವ ವಾಕ್ಯವಾಯಿತು. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಕವಿತೆಯನ್ನು ಹೀಗೆ ಕೈತಿರುಚಬಹುದೆ?

ಎರಡನೆಯ ಸಲ ಓದಿದಾಗ ಸಿಟ್ಟು ಇಳಿಯಿತು. ಕೃಪ, ಕೃತವರ್ಮರನ್ನು ನೆನೆದರೆ ನ್ಯಾಯಾಧೀಶರ ಮಾತಿನಲ್ಲಿ ಹುರುಳಿದೆ. ಬಾಗಿಲು ಕಾಯುವವನಿದ್ದಾನೆ ಎಂಬ ಧೈರ್ಯದಿಂದಲೇ ಒಳಗಿನವನು ಒಳಗೆ ಹೋಗುತ್ತಾನೆ. ಪಾಂಡವ ಶಿಬಿರದಲ್ಲಿ ಅಶ್ವತ್ಥಾಮನೊಬ್ಬನೇ ಇದ್ದಿದ್ದರೆ ಎಷ್ಟೋ ಜನ ಹೊರಗೋಡಿ ಬದುಕುತ್ತಿದ್ದರು. ಕೊಲೆಯ ಪೂರ್ಣತೆಗೆ ಬಾಗಿಲು ಬೇಕು. ಆದ್ದರಿಂದ ಅಪರಾಧ ಒಂದೇ, ಅದು ಮೂವರದೂ ಹೌದು ಎಂಬಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಆ ಸಾಲು ನಿಂತವನು ಗುಂಪಿಗೆ ಸೇರಿದವನು ಎಂದು ಹೇಳುತ್ತದೆ. ಎಷ್ಟು ಸೇರಿದವನು ಎಂದು ಹೇಳುವುದಿಲ್ಲ. ನಿಲ್ಲುವುದರಲ್ಲಿ ನೂರು ಬಗೆ ಇದೆ. ತಿಳಿದು ನಿಲ್ಲುವುದು, ತಿಳಿಯದೆ ನಿಲ್ಲುವುದು, ಹೆದರಿ ನಿಲ್ಲುವುದು, ಹೊರಟುಹೋಗಲು ಸಮಯ ಸಿಕ್ಕಿಯೂ ನಿಲ್ಲುವುದು. ಕೊಲೆಗೆ ನಮ್ಮ ಕಾನೂನಿನಲ್ಲಿ ಇರುವುದು ಎರಡೇ ಶಿಕ್ಷೆ, ಮರಣದಂಡನೆ ಅಥವಾ ಜೀವಾವಧಿ. ಕಲಂ 34ರ ಮೂಲಕ ಕೊಲೆಯ ಹೊಣೆ ಹೊತ್ತವನಿಗೆ ಕಡಿಮೆಯೆಂದರೆ ಜೀವಾವಧಿ. ಆ ಎರಡರ ನಡುವೆ ನೂರು ಬಗೆಯ ನಿಲುವುಗಳನ್ನು ತೂಗಬೇಕು.

ವಿಚಿತ್ರವೆಂದರೆ, ಅದೇ ದಂಡಸಂಹಿತೆ ನಾಲ್ಕು ಕಲಂಗಳ ಆಚೆಗೆ ಹೆಚ್ಚು ಸೂಕ್ಷ್ಮ ಓದುಗನಂತೆ ಮಾತಾಡುತ್ತದೆ. ಒಂದೇ ಕೃತ್ಯದಲ್ಲಿ ತೊಡಗಿದವರು ಬೇರೆ ಬೇರೆ ಅಪರಾಧಗಳ ಹೊಣೆ ಹೊರಬಹುದು ಎನ್ನುತ್ತದೆ ಕಲಂ 38. ಅದಕ್ಕೆ ಕೊಟ್ಟ ಉದಾಹರಣೆ ಒಂದು ಸಣ್ಣಕತೆಯಂತಿದೆ. ಒಬ್ಬ ತೀವ್ರವಾಗಿ ಕೆರಳಿ ಇನ್ನೊಬ್ಬನ ಮೇಲೆ ಬೀಳುತ್ತಾನೆ. ಸತ್ತವನ ಮೇಲೆ ಹಳೆಯ ದ್ವೇಷವಿದ್ದ ಮೂರನೆಯವನೊಬ್ಬ, ಕೆರಳಿಕೆಯೇನೂ ಇಲ್ಲದೆ, ತಣ್ಣಗೆ ಬಂದು ಕೈಜೋಡಿಸುತ್ತಾನೆ. ಕೆರಳಿದವನದು ಕೊಲೆಯಲ್ಲ, ಅದಕ್ಕಿಂತ ಕೆಳಗಿನ ಅಪರಾಧ, ಕೈಜೋಡಿಸಿದವನದು ಕೊಲೆ. ಅಂದರೆ ಜೊತೆಗಾರನೇ ಮುಖ್ಯ ಆರೋಪಿಗಿಂತ ದೊಡ್ಡ ಅಪರಾಧಿ ಆಗಬಹುದು. ಜೊತೆಗಾರನೆಂದರೆ ಚಿಕ್ಕವನು ಎಂದುಕೊಂಡಿದ್ದ ನನಗೆ ಇದು ಹೊಸದಾಗಿತ್ತು.

ಈ ಉದಾಹರಣೆಯನ್ನು ಹಿಡಿದುಕೊಂಡು ಆಲದ ಮರದ ಕೆಳಗೆ ಹೋಗಿ ನೋಡಿ. ಅಶ್ವತ್ಥಾಮನ ಅಪ್ಪನನ್ನು ಅಸ್ತ್ರ ಕೆಳಗಿಟ್ಟು ಕೂತಿದ್ದಾಗ ಕೊಂದವನು ಆ ಶಿಬಿರದಲ್ಲೇ ಮಲಗಿದ್ದಾನೆ. ದ್ರೋಣ ಸತ್ತು ದಿನಗಳಾಗಿದ್ದರಿಂದ ಇದನ್ನು ಕಾನೂನು ಹಠಾತ್ ಕೆರಳಿಕೆ ಎಂದು ಒಪ್ಪಲಿಕ್ಕಿಲ್ಲ. ಆದರೂ ಅವನ ಒಳಗೆ ಏನು ಉರಿಯುತ್ತಿತ್ತು ಎಂಬುದನ್ನು ಕಾವ್ಯ ಮುಚ್ಚಿಡುವುದಿಲ್ಲ. ಕೃಪನಿಗೂ ದ್ರೋಣ ಭಾವನೇ. ಆದರೆ ಅವನು ಮಲಗಿದರೆ ನಿದ್ದೆ ಬರುವಷ್ಟು ಶಾಂತನಾಗಿದ್ದ. ಧರ್ಮ ಯಾವುದೆಂದು ವಿವರಿಸುವಷ್ಟು ಸ್ವಸ್ಥನಾಗಿದ್ದ. ಕೃತವರ್ಮನಿಗಂತೂ ಆ ರಾತ್ರಿ ಯಾವ ಸ್ವಂತ ಸೇಡೂ ಇರಲಿಲ್ಲ. ಉರಿಯುತ್ತಿದ್ದವನಿಗೆ 3000 ವರ್ಷ; ತಣ್ಣಗಿದ್ದವರಿಗೆ?

ಇಲ್ಲಿ ವ್ಯಾಸರ ಪಠ್ಯ ಮಾಡುವುದನ್ನು ಗಮನಿಸಬೇಕು. ಆ ರಾತ್ರಿ ಧೃಷ್ಟದ್ಯುಮ್ನನ ಸಾರಥಿಯೊಬ್ಬ ಹೇಗೋ ತಪ್ಪಿಸಿಕೊಳ್ಳುತ್ತಾನೆ. ಕೃತವರ್ಮ ಬೇರೆಯವರನ್ನು ಕೊಲ್ಲುವ ಗಡಿಬಿಡಿಯಲ್ಲಿದ್ದುದರಿಂದ ಬದುಕಿದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಬೆಳಿಗ್ಗೆ ಧರ್ಮರಾಯನ ಮುಂದೆ ನಿಂತು ಅವನು ಮೂವರ ಹೆಸರನ್ನೂ ಹೇಳುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಎಫ್‌ಐಆರ್‌ನಲ್ಲಿ ಮೂರು ಹೆಸರಿದೆ. ಆದರೆ ಅನ್ನಾಹಾರ ಬಿಟ್ಟು ಕೂತ ದ್ರೌಪದಿ ಕೇಳುವುದು ಅಶ್ವತ್ಥಾಮನ ಜೀವವನ್ನು, ಅವನ ಮಣಿಯನ್ನು. ಭೀಮ ಬೆನ್ನಟ್ಟುವುದು ಅವನೊಬ್ಬನನ್ನು. ಕೃಷ್ಣ ಶಪಿಸುವುದು ಅವನೊಬ್ಬನನ್ನು. ಉಳಿದ ಎರಡು ಹೆಸರನ್ನು ಆಮೇಲೆ ಯಾರೂ ಎತ್ತುವುದಿಲ್ಲ.

ಸ್ತ್ರೀಪರ್ವದಲ್ಲಿ ಇನ್ನೊಂದು ಚಿಕ್ಕ ದೃಶ್ಯವಿದೆ. ಹೆಣಗಳ ಕಡೆ ಹೊರಟ ಧೃತರಾಷ್ಟ್ರನಿಗೆ ಈ ಮೂವರೂ ದಾರಿಯಲ್ಲಿ ಎದುರಾಗುತ್ತಾರೆ. ಮಾಡಿದ್ದನ್ನು ಹೇಳಿ, ಪಾಂಡವರು ಬಂದಾರೆಂಬ ಭಯದಲ್ಲಿ ಬೀಳ್ಕೊಂಡು ಮೂರು ದಾರಿ ಹಿಡಿಯುತ್ತಾರೆ. ಕೃಪ ಹಸ್ತಿನಾವತಿಗೆ, ಕೃತವರ್ಮ ತನ್ನ ನಾಡಿಗೆ, ಅಶ್ವತ್ಥಾಮ ವ್ಯಾಸರ ಆಶ್ರಮಕ್ಕೆ. ಒಂದೇ ಅಪರಾಧದಿಂದ ಹೊರಟ ಆ ಮೂರು ದಾರಿಗಳು ಎಲ್ಲೆಲ್ಲಿ ಮುಟ್ಟಿದವು ಎಂದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೃಪ ಹಸ್ತಿನಾವತಿಯಲ್ಲಿ ಗೌರವದಿಂದ ಬಾಳಿದ. ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಪರೀಕ್ಷಿತನಿಗೆ ಅವನನ್ನೇ ಗುರುವಾಗಿ ನೇಮಿಸಿದರು. ಗರ್ಭದಲ್ಲಿದ್ದಾಗಲೇ ಯಾವ ಕೂಸಿನ ಮೇಲೆ ಅಶ್ವತ್ಥಾಮ ಅಸ್ತ್ರ ಬಿಟ್ಟನೋ ಆ ಕೂಸೇ ಪರೀಕ್ಷಿತ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಹೇಳುವ ಚಿರಂಜೀವಿಗಳ ಪಟ್ಟಿಯಲ್ಲಿ ಅಶ್ವತ್ಥಾಮನೂ ಇದ್ದಾನೆ, ಕೃಪನೂ ಇದ್ದಾನೆ. ಒಬ್ಬನಿಗೆ ಸಾವಿಲ್ಲದಿರುವುದು ಶಿಕ್ಷೆ, ಇನ್ನೊಬ್ಬನಿಗೆ ಅದೇ ಬಹುಮಾನ.

ಕೃತವರ್ಮನ ಕತೆ ಬೇರೆ. ಯುದ್ಧ ಮುಗಿದು 36 ವರ್ಷಗಳಾದ ಮೇಲೆ ಪ್ರಭಾಸದಲ್ಲಿ ಯಾದವರು ಕುಡಿದು ಕೂತಿದ್ದಾರೆ. ಸತ್ತಂತೆ ಮಲಗಿದ್ದವರನ್ನು ಕೊಂದ ಕ್ಷತ್ರಿಯ ನೀನು ಎಂದು ಸಾತ್ಯಕಿ ಕೃತವರ್ಮನನ್ನು ಎಲ್ಲರ ಮುಂದೆ ಹಂಗಿಸುತ್ತಾನೆ. ಕೈ ಕಡಿದು ಹೋಗಿ ಪ್ರಾಯೋಪವೇಶಕ್ಕೆ ಕೂತಿದ್ದ ಭೂರಿಶ್ರವಸನನ್ನು ಕೊಂದವನಲ್ಲವೇ ನೀನು ಎಂದು ಕೃತವರ್ಮ ತಿರುಗಿಸಿ ಕೇಳುತ್ತಾನೆ. ಮಾತಿಗೆ ಮಾತು ಬೆಳೆದು ಸಾತ್ಯಕಿ ಅವನ ತಲೆ ಕತ್ತರಿಸುತ್ತಾನೆ. ದ್ರೌಪದಿಯ ಮಕ್ಕಳ ಹೆಸರು ಹೇಳಿಯೇ ಕತ್ತರಿಸುತ್ತಾನೆ. ಕೃತವರ್ಮನ ಕಡೆಯವರು ಸಾತ್ಯಕಿಯನ್ನು ಕೊಲ್ಲುತ್ತಾರೆ. ಸಂಜೆಯೊಳಗೆ ಒಂದು ಕುಲವೇ ಇರುವುದಿಲ್ಲ.

ಕನ್ನಡದ ಓದುಗರಾದ ನಮಗೆ ಈ ಎರಡು ಕೊನೆಗಳು ಅಷ್ಟಾಗಿ ಪರಿಚಯವಿಲ್ಲದ್ದಕ್ಕೆ ಕಾರಣವೂ ಇದೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಪೂರೈಸಿದ. ಗಮಕದಲ್ಲಿ ಭಾರತ ಕೇಳಿ ಬೆಳೆದವರ ಕಿವಿಗೆ ಮೌಸಲ ಪರ್ವ ಬಿದ್ದದ್ದು ಕಡಿಮೆ. ಆಧುನಿಕ ಕಾಲದಲ್ಲಿ ಬಿ.ಎಂ.ಶ್ರೀ. ಸೊಫೊಕ್ಲಿಸ್‌ನ 'ಏಜಾಕ್ಸ್' ಮಾದರಿಯಲ್ಲಿ 'ಅಶ್ವತ್ಥಾಮನ್' ಬರೆದು ಮುಖ್ಯ ಅಪರಾಧಿಗೆ ದುರಂತನಾಯಕನ ಪಟ್ಟವನ್ನೇ ಕೊಟ್ಟರು. ಸಾಹಿತ್ಯಕ್ಕೆ ಕೈಯಲ್ಲಿ ಕತ್ತಿ ಹಿಡಿದು ಒಳಗೆ ನುಗ್ಗುವವನ ಮೇಲೆ ಪ್ರೀತಿ. ಬಾಗಿಲಲ್ಲಿ ನಿಂತವನಿಗೆ ಸ್ವಗತವಿಲ್ಲ.

ಹಾಗಾದರೆ ಕಾನೂನು ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ತಪ್ಪು ಮಾಡಿದರೆ, ಕಾವ್ಯ ಒಬ್ಬನನ್ನು ಕಟ್ಟಿ ಉಳಿದವರನ್ನು ಮರೆಯುವ ತಪ್ಪು ಮಾಡಿದೆ ಎನ್ನೋಣವೆ? ಕೆಲಕಾಲ ನಾನು ಹಾಗೇ ಅಂದುಕೊಂಡಿದ್ದೆ. ಈಗ ಅನ್ನಿಸುವುದು ಬೇರೆ. ಕಾವ್ಯ ಮರೆತಿಲ್ಲ; ಮರೆತದ್ದು ಪಾಂಡವರು. ಮರೆತದ್ದರ ಬೆಲೆ ಏನೆಂದು ಕಾವ್ಯ ತೋರಿಸುತ್ತಿದೆ. ಕೃತವರ್ಮನಿಗೆ ವಿಚಾರಣೆ ಇರಲಿಲ್ಲ. ನೀನು ಯಾಕೆ ಹೋದೆ, ಏನು ಮಾಡಿದೆ, ತಪ್ಪಿಸಬಹುದಿತ್ತೆ ಎಂದು ಯಾರೂ ಅವನನ್ನು ಕೂರಿಸಿ ಕೇಳಲಿಲ್ಲ. 36 ವರ್ಷದ ನಂತರ ಕುಡಿದ ಒಬ್ಬ ಯೋಧನೇ ಫಿರ್ಯಾದಿ, ಅವನೇ ನ್ಯಾಯಾಧೀಶ, ಅವನೇ ಕೊಲೆಗಾರನಾದ. ತೂಗಿ ಕೊಡದ ಶಿಕ್ಷೆ ಸೇಡಾಗಿ ತಿರುಗಿ ಬಂದಾಗ ಅದಕ್ಕೆ ಅಳತೆ ಇರಲಿಲ್ಲ.

ಇನ್ನು ಕಟ್ಟುವ ಕಡೆಯ ತಪ್ಪು. ಅದಕ್ಕೆ ಪುರಾಣಕ್ಕೆ ಹೋಗಬೇಕಿಲ್ಲ. ಉತ್ತರ ಪ್ರದೇಶದ ಒಂದೇ ಕುಟುಂಬದ ನಾಲ್ವರ ಕೊಲೆಯಲ್ಲಿ ಜೀತಾ ಸಿಂಗ್, ಕಾಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಮೂವರಿಗೂ ಮರಣದಂಡನೆ ಆಯಿತು. ಮೂವರ ಪಾತ್ರವೂ ಒಂದೇ ಎಂದು ಕೋರ್ಟುಗಳು ಒಪ್ಪಿದ್ದವು. ಅವರ ಅರ್ಜಿಗಳು ಬೇರೆ ಬೇರೆ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ಬೇರೆ ಬೇರೆ ಪೀಠಗಳ ಮುಂದೆ ಹೋದವು. ಕಾಶ್ಮೀರಾ ಸಿಂಗ್‌ನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಜೀತಾ ಸಿಂಗ್‌ನನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಲಾಯಿತು. ಅದೇ ದಿನ ನೇಣಿಗೇರಬೇಕಿದ್ದ ಹರಬನ್ಸ್ ಸಿಂಗ್ ಮತ್ತೊಂದು ಅರ್ಜಿ ಹಾಕಿ ತಡೆ ಪಡೆದುಕೊಂಡಿದ್ದ. 1982ರಲ್ಲಿ ಕೋರ್ಟು ಅವನ ಶಿಕ್ಷೆಯನ್ನು ಇಳಿಸಬೇಕೆಂದು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಪಠ್ಯ ಒಂದೇ, ಓದುಗರು ಮೂವರು. ಸಾಹಿತ್ಯದಲ್ಲಿ ಇದನ್ನು ನಾವು ಬಹುಅರ್ಥ ಎಂದು ಸಂಭ್ರಮಿಸುತ್ತೇವೆ. ಜೀತಾ ಸಿಂಗ್‌ನ ಹೆಸರಿನ ಪಕ್ಕದಲ್ಲಿ ಆ ಸಂಭ್ರಮ ನಿಲ್ಲುವುದಿಲ್ಲ.

ಇನ್ನೊಂದರಲ್ಲಿ ಪಠ್ಯವೇ ಅರ್ಧ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ 1991ರಲ್ಲಿ ಬಂಧನವಾದಾಗ ಪೆರಾರಿವಾಲನ್‌ಗೆ 19 ವರ್ಷ. ಬಾಂಬಿಗೆ ಬಳಕೆಯಾಯಿತೆನ್ನಲಾದ ಎರಡು 9 ವೋಲ್ಟ್ ಬ್ಯಾಟರಿಗಳನ್ನು ಕೊಂಡುಕೊಟ್ಟದ್ದು ಅವನ ಮೇಲಿನ ಮುಖ್ಯ ಆರೋಪ. ಮರಣದಂಡನೆಯಾಯಿತು. ಅವನ ತಪ್ಪೊಪ್ಪಿಗೆಯನ್ನು ಬರೆದುಕೊಂಡ ಅಧಿಕಾರಿ 2013ರಲ್ಲಿ, ಬ್ಯಾಟರಿ ಯಾತಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಆತ ಹೇಳಿದ್ದನ್ನು ತಾನು ದಾಖಲಿಸಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. 2014ರಲ್ಲಿ ಮರಣದಂಡನೆ ಜೀವಾವಧಿಯಾಯಿತು, 2022ರ ಮೇ 18ರಂದು ಬಿಡುಗಡೆಯಾಯಿತು. ಆ ಕೊಲೆ ಘೋರವಾದದ್ದು; ಅಲ್ಲಿ ಸತ್ತವರ ಮನೆಯವರ ನೋವನ್ನು ಯಾವ ವಾದವೂ ಚಿಕ್ಕದು ಮಾಡಬಾರದು. ಆದರೆ ಜೊತೆಗಾರನ ಅಳತೆಯೆಲ್ಲ ನಿಂತಿರುವುದು "ಗೊತ್ತಿತ್ತು" ಮತ್ತು "ಗೊತ್ತಿರಲಿಲ್ಲ" ಎಂಬ ಎರಡು ಪದಗಳ ಮೇಲೆ. ಆ ವಾಕ್ಯವನ್ನೇ ಬಿಟ್ಟರೆ ತೂಗುವುದು ಏನನ್ನು?

1980ರ ಬಚನ್ ಸಿಂಗ್ ತೀರ್ಪಿನಲ್ಲಿ ಮರಣದಂಡನೆ ಅಪರೂಪದಲ್ಲಿ ಅಪರೂಪದ್ದಾಗಿರಬೇಕು ಎಂಬ ಮಾತಿನ ಜೊತೆಗೆ, ಶಿಕ್ಷೆಯನ್ನು ಹಗುರಗೊಳಿಸುವ ಸಂಗತಿಗಳ ಒಂದು ಪಟ್ಟಿಯೂ ಇದೆ. ಇನ್ನೊಬ್ಬನ ಒತ್ತಾಯಕ್ಕೆ, ಹಿಡಿತಕ್ಕೆ ಒಳಗಾಗಿ ಮಾಡಿದನೇ ಎಂಬುದು ಅದರಲ್ಲೊಂದು. ಸಣ್ಣಕತೆಯ ಪಾತ್ರವೊಂದನ್ನು ಓದುವಾಗ ನಾವು ಕೇಳುವ ಪ್ರಶ್ನೆಯೇ ಇದು. ಅಪರಾಧವನ್ನು ಗುಂಪಿಗೆ ಹೊರಿಸಬಹುದು. ಶಿಕ್ಷೆಯನ್ನು ಒಬ್ಬೊಬ್ಬನನ್ನೇ ಓದಿ ಕೊಡಬೇಕು. ಈ ಲೇಖನದಲ್ಲಿ ನನಗೆ ಹೇಳಬೇಕಾದದ್ದು ಇಷ್ಟೇ.

ಒಬ್ಬೊಬ್ಬನನ್ನೇ ಓದುವುದೆಂದರೆ ಎಲ್ಲರನ್ನೂ ಹಗುರ ಮಾಡುವುದಲ್ಲ. ವಿಮರ್ಶಕರಾದ ನಾವು ಪಾತ್ರಗಳನ್ನು ಅರ್ಥಮಾಡಿಕೊಂಡೆವೆಂದರೆ ಕ್ಷಮಿಸಿಬಿಡುತ್ತೇವೆ. ಅದು ನಮ್ಮ ಕಸುಬಿನ ದೌರ್ಬಲ್ಯ. ಕೃಪನನ್ನೇ ಓದಿ ನೋಡೋಣ. ಅವನಿಗೆ ಗೊತ್ತಿರಲಿಲ್ಲವೆ? ಎಲ್ಲವೂ ಗೊತ್ತಿತ್ತು, ತಾನೇ ಹೇಳಿದ್ದ. ಯಾರದಾದರೂ ಹಿಡಿತದಲ್ಲಿದ್ದನೆ? ಅವನೇ ಹಿರಿಯ. ತಡೆಯಲು ದಾರಿಯಿರಲಿಲ್ಲವೆ? ತಾನು ಹೋಗದೆ ಇರಬಹುದಿತ್ತು. ಬರಿದೆ ನಿಂತಿದ್ದನೆ? ಕೈಮುಗಿದು ಬಂದವರನ್ನು ಕೊಂದ, ಹೇಳದಿದ್ದರೂ ಬೆಂಕಿ ಹಚ್ಚಿದ. ಮರದ ಕೆಳಗೆ ಆಡಿದ ಧರ್ಮದ ಮಾತು ಅವನ ಭಾರವನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅವನ ಪರವಾಗಿ ಹೇಳಬಹುದಾದದ್ದು ಒಂದೇ: ಅಳಿಯನನ್ನು ಆ ಸ್ಥಿತಿಯಲ್ಲಿ ಒಂಟಿಯಾಗಿ ಬಿಡಲು ಅವನಿಗೆ ಆಗಲಿಲ್ಲ. ಅದು ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ ಅಣ್ಣನ ಹಿಂದೆ ಹೋದ ತಮ್ಮಂದಿರು, ಗೆಳೆಯನ ಬೈಕು ಹತ್ತಿದ ಹುಡುಗರು ಅದೇ ಕಾರಣಕ್ಕೆ ಜೈಲಿನಲ್ಲಿದ್ದಾರೆ. ಅದನ್ನು ತೂಕಕ್ಕೆ ಹಾಕಬೇಕು. ಹಾಕಿದ ಮೇಲೂ ತಕ್ಕಡಿ ಮೇಲೇಳುವುದಿಲ್ಲ.

ಆ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಾಗ ನನ್ನ ಉತ್ತರ ತಪ್ಪಾಗಿತ್ತು ಎಂದು ಹೇಳಿ, ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡು, "ಹಾಗಾದರೆ ಕೃಪನಿಗೆ ನೀವು ಏನು ಶಿಕ್ಷೆ ಕೊಡ್ತೀರಿ ಸರ್?" ಎಂದಳು. ಆಗ ಹೊಳೆಯಲಿಲ್ಲ. 3000 ವರ್ಷ ಕೊಡಲಾರೆ, ಕತ್ತಿಯನ್ನೂ ಎತ್ತಲಾರೆ. ಆದರೆ ಗುರುಪೀಠದಲ್ಲಿ ಕೂರುವ ಮೊದಲು ಅವನು ಪರೀಕ್ಷಿತನನ್ನು ಎದುರಿಗೆ ಕೂರಿಸಿಕೊಂಡು, ಆಲದ ಮರದಿಂದ ಬೆಂಕಿಯ ತನಕ, ಆ ರಾತ್ರಿಯನ್ನು ತಾನೇ ಹೇಳಬೇಕಿತ್ತು. ಬಾಗಿಲಲ್ಲಿ ಕೈಮುಗಿದು ನಿಂತವರ ಮುಖಗಳನ್ನೂ ಬಿಡದೆ. ಕೇಳಿದ ಮೇಲೆ ಅವನನ್ನು ಗುರುವೆಂದು ಒಪ್ಪುವುದೋ ಬಿಡುವುದೋ ಎಂಬ ತೀರ್ಪು ಆ ಹುಡುಗನದಾಗಬೇಕಿತ್ತು.